ಹೀಟ್ ಪಂಪಿಗೆ ಯಾವ ರೇಡಿಯೇಟರ್? ಮಡಿಕೇರಿಯ ಥಂಡಿಗೆ ತೂಗಿ ನೋಡಿದರೆ

ಕೊಡಗಿನಲ್ಲಿ ಕೋಣೆ ಬಿಸಿ ಮಾಡಬೇಕಾಗಿರುವುದು ಚಳಿಗಿಂತ ಹೆಚ್ಚಾಗಿ ಥಂಡಿಗೆ, ಅಂದರೆ ತೇವಕ್ಕೆ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಹೊರಗೆ 18 ಡಿಗ್ರಿ, ತೇವಾಂಶ ಶೇ 95 ಇದ್ದರೆ, ಅದೇ ಗಾಳಿಯನ್ನು ಒಳಗೆ 22 ಡಿಗ್ರಿಗೆ ತಂದಾಗ ತೇವಾಂಶ ಶೇ 75ರ ಹತ್ತಿರಕ್ಕೆ ಇಳಿಯುತ್ತದೆ. ಕಪಾಟಿನ ಬೂಷ್ಟು ಹತೋಟಿಗೆ ಬರುವುದು, ಹಾಸಿಗೆ ಒದ್ದೆ ಅನ್ನಿಸದಿರುವುದು ಈ ನಾಲ್ಕು ಡಿಗ್ರಿಯಿಂದಲೇ. ಹೊರಗಿನ ಗಾಳಿಯ ಶಾಖ ಸೆಳೆದು ನೀರು ಕಾಯಿಸುವ ಹೀಟ್ ಪಂಪ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎಡವುವುದು ಆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಆರಿಸುವಾಗ.

ಕ್ಯಾಟಲಾಗಿನ ವಾಟ್ ಸಂಖ್ಯೆಯನ್ನು ಹಾಗೇ ನಂಬಬೇಡಿ. ರೇಡಿಯೇಟರ್ ಅಳೆಯುವ ಯುರೋಪಿನ ಇಎನ್ 442 ಮಾನದಂಡದಲ್ಲಿ ನೀರು 75ಕ್ಕೆ ಒಳಹೋಗಿ 65ಕ್ಕೆ ಹೊರಬರುತ್ತದೆ, ಕೋಣೆ 20 ಡಿಗ್ರಿ. ಅಂದರೆ ನೀರಿನ ಸರಾಸರಿ ಬಿಸಿಗೂ ಕೋಣೆಗೂ ವ್ಯತ್ಯಾಸ (ಡೆಲ್ಟಾ ಟಿ) 50. ಹೀಟ್ ಪಂಪಿನ ನೀರು 45ಕ್ಕೆ ಹೋಗಿ 40ಕ್ಕೆ ಮರಳಿದರೆ ವ್ಯತ್ಯಾಸ ಬರೀ 22.5. ವ್ಯತ್ಯಾಸ ಅರ್ಧಕ್ಕಿಂತ ಸ್ವಲ್ಪ ಕೆಳಗಿಳಿದರೂ ಶಾಖ ಮೂರನೇ ಒಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ, ಲೆಕ್ಕಕ್ಕೆ 0.35ರಿಂದ ಗುಣಿಸಿ. 1700 ವಾಟ್ ಎಂದು ಬರೆದ ಪ್ಯಾನೆಲ್ ನಿಮ್ಮ ಮನೆಯಲ್ಲಿ ಕೊಡುವುದು 600. ಕೆಲವು ಅಲ್ಯೂಮಿನಿಯಂ ಮಾಲಿನ ಕ್ಯಾಟಲಾಗಿನಲ್ಲಿ ವ್ಯತ್ಯಾಸ 70ರ ಅಂಕಿ ಹಾಕಿರುತ್ತಾರೆ. ಅದನ್ನು ಮೊದಲು 0.65ರಿಂದ ಗುಣಿಸಿ 50ರ ಲೆಕ್ಕಕ್ಕೆ ತರಬೇಕು. "ಈ ವಾಟ್ ಎಷ್ಟು ಡೆಲ್ಟಾ ಟಿಗೆ?" ಎಂದು ಕೇಳಿ. ಅಂಗಡಿಯವರು ತಡವರಿಸಿದರೆ ಬೇರೆ ಅಂಗಡಿ ನೋಡುವುದು ವಾಸಿ.

12ಕ್ಕೆ 14 ಅಡಿಯ ಒಂದು ಕೋಣೆ ತೆಗೆದುಕೊಳ್ಳಿ: ಹಂಚಿನ ಮಾಡು, ಮರದ ಮುಚ್ಚಿಗೆ, ಎರಡು ಹೊರಗೋಡೆ, ಒಂದು ಕಿಟಕಿ. ಜನವರಿ ರಾತ್ರಿ ಹೊರಗೆ 12, ಒಳಗೆ 20 ಬೇಕೆಂದರೆ ಸೋರುವ ಶಾಖ ಸುಮಾರು 1000 ವಾಟ್. ಅದಕ್ಕೆ 600 ಮಿ.ಮೀ. ಎತ್ತರದ ಟೈಪ್ 22 (ಎರಡು ತಗಡಿನ) ಪ್ಯಾನೆಲ್ 1.7 ಮೀಟರ್ ಉದ್ದ ಬೇಕು; ಈ ಬಿಸಿಯಲ್ಲಿ ಅದು ಮೀಟರಿಗೆ ಸುಮಾರು 600 ವಾಟ್ ಕೊಡುತ್ತದೆ. ಮುಚ್ಚಿಗೆ ಮೇಲೆ ಶಾಖ ತಡೆಯುವ ರಾಕ್‌ವೂಲ್ 50 ಮಿ.ಮೀ. ಹಾಸಿದರೆ ಸೋರಿಕೆ 700ರ ಹತ್ತಿರ ಬರುತ್ತದೆ, 1.2 ಮೀಟರ್ ಸಾಕು. ದುಡ್ಡು ಮೊದಲು ಅಟ್ಟಕ್ಕೆ ಹಾಕಿ. (ಇಲಿ ಕೊರೆಯದಂತೆ ಜಾಲರಿ ಬಡಿಯುವುದನ್ನು ಮರೆತರೆ ಎರಡು ವರ್ಷದಲ್ಲಿ ಅದು ಇಲಿಗೂಡು.)

ನಮ್ಮ ಆಯ್ಕೆ ಟೈಪ್ 22 ಉಕ್ಕಿನ ಪ್ಯಾನೆಲ್: ಎರಡು ತಗಡು, ನಡುವೆ ಎರಡು ಸಾಲು ರೆಕ್ಕೆ. ಒಂದೇ ತಗಡಿನ ಟೈಪ್ 11 ಅಗ್ಗವೇನೋ ಹೌದು, ಆದರೆ ಅಷ್ಟೇ ಶಾಖಕ್ಕೆ ಗೋಡೆಯೆಲ್ಲ ಅದೇ ಆಗುತ್ತದೆ. ಮೂರು ತಗಡಿನ ಟೈಪ್ 33 ಉದ್ದ ಉಳಿಸುತ್ತದೆ, ಕೋಣೆಯೊಳಕ್ಕೆ ಚಾಚಿ ಕಾಲಿಗೆ ತಾಕುತ್ತದೆ. ಟೈಪ್ 22 ಒಂದೂವರೆ ಮೀಟರಿನದಾದರೆ ನೀರು ತುಂಬಿದ ಮೇಲೆ 60 ಕಿಲೋ ಸುಮಾರು ತೂಗುತ್ತದೆ. ಹಳೆಯ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ನೇತುಹಾಕಿದರೆ ಗೋಡೆಯೇ ಬರುತ್ತದೆ; ನೆಲಕ್ಕೆ ಕಾಲು ಕೊಡಿಸಿ. ಕೆಳಗೂ ಮೇಲೂ 10 ಸೆಂ.ಮೀ. ಬಿಡಿ, ಪರದೆ ಇಳಿಬಿಡಬೇಡಿ. ಚಂದಕ್ಕೆಂದು ಮರದ ಜಾಲರಿ ಪೆಟ್ಟಿಗೆ ಮುಚ್ಚಿದರೆ ಈ ಕಡಿಮೆ ಬಿಸಿಯಲ್ಲಿ ಉಳಿದಿದ್ದ ಶಾಖವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಅಲ್ಯೂಮಿನಿಯಂ ಹಗುರ, ಬೇಗ ಬಿಸಿಯಾಗುತ್ತದೆ. ಆದರೆ ನೀರಿನ ಪಿಎಚ್ ಸುಮಾರು 8.5 ದಾಟಿದರೂ ತೀರಾ ಹುಳಿಯಾದರೂ ಕೊರೆದುಕೊಳ್ಳುತ್ತದೆ, ತಾಮ್ರದ ಪೈಪಿನ ಜೊತೆ ಇನ್ನೂ ಬೇಗ. ಬಾವಿ ನೀರು ಪರೀಕ್ಷಿಸದೆ ತುಂಬಿಸಬಾರದು. ಬೀಡುಕಬ್ಬಿಣದ್ದು ಹಳೆ ಬಂಗಲೆಗೆ ಒಪ್ಪುತ್ತದೆ, ಮರ ಬಿದ್ದು ಕರೆಂಟ್ ಹೋದರೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಒಂದು ರಾತ್ರಿಗೆ ಬಂದು ಹೋಗುವ ಹೋಂಸ್ಟೇ ಕೋಣೆಗೆ ಮಾತ್ರ ತೀರಾ ನಿಧಾನ. ಅಲ್ಲಿಗೆ ಫ್ಯಾನ್ ಬೀಸಿ ಶಾಖ ಹರಡುವ ಫ್ಯಾನ್ ಕಾಯಿಲ್ ಸರಿ, ಸದ್ದು ಮಾತ್ರ ಕೇಳಿಸಿಕೊಂಡು ಕೊಳ್ಳಿ. ಬಚ್ಚಲಿನ ಟವೆಲ್ ಏಣಿ ಟವೆಲ್ ಒಣಗಿಸುತ್ತದೆ, ಬಚ್ಚಲನ್ನಲ್ಲ.

ಪೈಪಿನಲ್ಲೂ ಎಚ್ಚರ. ಸ್ನಾನದ ನೀರಿಗೆ ಹಾಕುವ ಸಾದಾ ಪಿಪಿಆರ್ ಪ್ಲಾಸ್ಟಿಕ್ ಪೈಪ್ ತನ್ನ ಮೈಯ ಮೂಲಕವೇ ಆಮ್ಲಜನಕ ಒಳಬಿಡುತ್ತದೆ, ಉಕ್ಕಿನ ಪ್ಯಾನೆಲ್ ಒಳಗಿಂದ ತುಕ್ಕು ಹಿಡಿದು ಕಪ್ಪು ಕೆಸರು ಹೀಟ್ ಪಂಪಿನಲ್ಲಿ ನೀರಿಗೆ ಶಾಖ ಕೊಡುವ ಪ್ಲೇಟುಗಳಲ್ಲಿ ಕೂರುತ್ತದೆ. ತಾಮ್ರ ಅಥವಾ ನಡುವೆ ಅಲ್ಯೂಮಿನಿಯಂ ಪದರವಿರುವ ಪೆಕ್ಸ್ ಪ್ಲಾಸ್ಟಿಕ್ ಪೈಪ್ ಹಾಕಿಸಿ. ಮರಳುವ ಪೈಪಿಗೆ ಮ್ಯಾಗ್ನೆಟ್ ಫಿಲ್ಟರ್ ಕಡ್ಡಾಯ. ಕಿಟ್ ಜೊತೆ ಗ್ಲೈಕಾಲ್ ಮಾರಲು ಬಂದರೆ ಬೇಡವೆನ್ನಿ: ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಅದು ಶಾಖ ಸಾಗಿಸುವುದನ್ನು ತಗ್ಗಿಸುತ್ತದಷ್ಟೆ. ತುಕ್ಕು ತಡೆಯುವ ಇನ್‌ಹಿಬಿಟರ್ ಸಾಕು.

ಕೋಣೆ ಬಿಸಿಯಾದಾಗ ತಾನೇ ಮುಚ್ಚಿಕೊಳ್ಳುವ ಥರ್ಮೋಸ್ಟಾಟ್ ವಾಲ್ವನ್ನು ಎಲ್ಲ ರೇಡಿಯೇಟರಿಗೂ ಹಾಕಿಸಬೇಡಿ. ಎಲ್ಲವೂ ಒಟ್ಟಿಗೆ ಮುಚ್ಚಿದರೆ ನೀರು ಹರಿಯದೆ ಹೀಟ್ ಪಂಪ್ ಹತ್ತಿ ಆರಿ ಕಂಪ್ರೆಸರ್ ಸವೆಯುತ್ತದೆ. ಬಚ್ಚಲಿನದನ್ನು ಸದಾ ತೆರೆದಿಡಿ. ಕೋಣೆ ಬಿಸಿಯಾಗಲಿಲ್ಲ ಎಂದು ನೀರನ್ನು 55ಕ್ಕೆ ಏರಿಸುವುದು ಸುಲಭ, ಆದರೆ ಪ್ರತಿ ಡಿಗ್ರಿಗೂ ಕರೆಂಟ್ ಸುಮಾರು ಶೇ 2ರಿಂದ 2.5 ಹೆಚ್ಚು ತಿನ್ನುತ್ತದೆ. ಅದಕ್ಕಿಂತ ಮೊದಲು ಪ್ಯಾನೆಲ್ ಮುಟ್ಟಿ ನೋಡಿ. ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿದೆ, ಕೀಲಿ ತಿರುಗಿಸಿ ಹೊರಬಿಡಿ. ಕೆಳ ನಡುಭಾಗ ತಣ್ಣಗಿದ್ದರೆ ಕೆಸರು. ಪಂಪಿಗೆ ಹತ್ತಿರದ್ದು ಸುಡುತ್ತ, ಕೊನೆಯ ಕೋಣೆಯದು ಪೂರ್ತಿ ತಣ್ಣಗಿದ್ದರೆ ಹತ್ತಿರದ ರೇಡಿಯೇಟರಿನ ಲಾಕ್‌ಶೀಲ್ಡ್ ವಾಲ್ವನ್ನು (ನೀರಿನ ಹರಿವು ಹೊಂದಿಸುವ ವಾಲ್ವ್) ಕಾಲು ಸುತ್ತು ಬಿಗಿಮಾಡಿ, ಅರ್ಧ ಗಂಟೆ ಕಾದು ಮತ್ತೆ ಮುಟ್ಟಿ.