ಕೌಲ್ ಬಜಾರಿನ ಮಾಸ್ಟರ್ ಹೊಲಿದ ಎರಡು ಜೊತೆ ಸಮವಸ್ತ್ರ: ಹದಿನಾಲ್ಕು ತಿಂಗಳು ತೊಟ್ಟ ಮೇಲೆ

ಅಂಗಡಿಗೆ ಬೋರ್ಡಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಒಳ ಓಣಿಯಲ್ಲಿ, ಜೀನ್ಸ್ ಚೂರುಗಳ ಮೂಟೆ ಪೇರಿಸಿದ ಗೋದಾಮಿನ ಪಕ್ಕ, ಮೆಟ್ಟಿಲಿನ ಕೆಳಗೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮೊಳೆಗೆ ನೇತುಹಾಕಿದ ಉದ್ದನೆಯ ರಟ್ಟಿನ ಪುಸ್ತಕ, ಇಷ್ಟೇ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಹೇಳದಿದ್ದರೆ ನಾನು ಆ ಓಣಿಗೆ ಕಾಲಿಡುತ್ತಿರಲಿಲ್ಲ. ಹೊಲಿಯುವವರನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಾರೆ. ಇಪ್ಪತ್ತು ವರ್ಷ ಜೀನ್ಸ್ ಯೂನಿಟ್‌ಗಳಲ್ಲಿ ಪೀಸ್ ಲೆಕ್ಕದಲ್ಲಿ ದುಡಿದವರು. ಕಣ್ಣು ಸೋತ ಮೇಲೆ ಸ್ವಂತಕ್ಕೆ ಕುಳಿತಿದ್ದಾರೆ. ಈಗ ಹೊಲಿಯುವುದು ಬಹುತೇಕ ಸಮವಸ್ತ್ರಗಳನ್ನೇ: ಶಾಲೆಯದ್ದು, ಸೆಕ್ಯುರಿಟಿಯವರದ್ದು, ನಮ್ಮದು. ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಊರಿದು, ಸಮವಸ್ತ್ರ ಹೊಲಿಯುವ ಕೈಗಳಿಗೆ ಇಲ್ಲಿ ಬರವಿಲ್ಲ.

ನಾನು ಇದೇ ಊರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹನ್ನೊಂದು ವರ್ಷವಾಯಿತು. ಆಸ್ಪತ್ರೆ ವರ್ಷಕ್ಕೊಂದು ಜೊತೆ ಸಿದ್ಧ ಉಡುಪು ಕೊಡುತ್ತದೆ. ಮೂರೇ ಅಳತೆ, ಆ ಮೂರರಲ್ಲಿ ಯಾವುದೂ ಮನುಷ್ಯರ ಮೈಗೆ ಹೊಂದುವುದಿಲ್ಲ. ಕಳೆದ ಬಾರಿ ಕೊಟ್ಟದ್ದರ ಜೇಬು ಮೂರನೇ ತಿಂಗಳಿಗೆ ಬಾಯಿಬಿಟ್ಟಿತು. ನಮಗೆ ಜೇಬು ಸಣ್ಣ ಸಂಗತಿಯಲ್ಲ. ಕತ್ತರಿ, ಪ್ಲಾಸ್ಟರ್ ಸುರುಳಿ, ಎರಡು ಬಣ್ಣದ ಪೆನ್ನು, ಸಣ್ಣ ಟಾರ್ಚು, ಸ್ಪಿರಿಟ್ ಸ್ವ್ಯಾಬ್, ಯಾವ ಬೆಡ್ಡಿಗೆ ಎಷ್ಟು ಗಂಟೆಗೆ ಏನು ಕೊಡಬೇಕೆಂದು ಬರೆದುಕೊಂಡ ಚೀಟಿ, ಎಲ್ಲವೂ ಅಲ್ಲೇ ಇರಬೇಕು. ಹರಿದ ಜೇಬಿಗೆ ಪ್ಲಾಸ್ಟರ್ ಅಂಟಿಸಿಕೊಂಡು ಒಂದು ತಿಂಗಳು ಓಡಾಡಿದ್ದೇನೆ. ರೋಗಿಯ ಕಡೆಯವರೊಬ್ಬರು ಅದನ್ನು ನೋಡಿ ನಕ್ಕ ದಿನ ಬೆಂಗಳೂರು ರಸ್ತೆಗೆ ಹೋಗಿ ಟೆರಿಕಾಟ್ ಬಟ್ಟೆ ಕೊಂಡುಕೊಂಡೆ.

ಮರುದಿನ ರಜೆ. ಬೆಳಿಗ್ಗೆ ಹತ್ತಕ್ಕೆ ಅಂಗಡಿಯಲ್ಲಿದ್ದೆ. ಮಾಸ್ಟರ್ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಕೇಳಿದ ಮೊದಲ ಪ್ರಶ್ನೆ, “ಎಷ್ಟು ತಾಸಿನ ಡ್ಯೂಟಿ ಸಿಸ್ಟರ್?”

“ಹನ್ನೆರಡು.”

“ಹಾಗಾದರೆ ಈಗ ತೆಗೆದ ಅಳತೆ ನಡೆಯುವುದಿಲ್ಲ. ಡ್ಯೂಟಿ ಮುಗಿಸಿಕೊಂಡು ಬನ್ನಿ. ಒಂಬತ್ತೂವರೆಯ ತನಕ ತೆರೆದಿರುತ್ತೇನೆ.”

ನನಗೆ ಸಿಟ್ಟು ಬಂದಿತು. ರಜೆಯ ದಿನ ಆಟೊಗೆ ದುಡ್ಡು ಕೊಟ್ಟು ಬಂದವಳನ್ನು ಹೀಗೆ ವಾಪಸ್ ಕಳಿಸುವುದೇ? ನನ್ನ ಮುಖ ನೋಡಿ ಅವರು ಟೇಪು ಹಿಡಿದು ಸೊಂಟ, ಮೀನಖಂಡ ಎರಡನ್ನೂ ಅಳೆದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಟ್ಟರು. ಎರಡು ದಿನದ ನಂತರ ರಾತ್ರಿ ಎಂಟೂಮುಕ್ಕಾಲಿಗೆ ಡ್ಯೂಟಿಯಿಂದ ನೇರ ಹೋದೆ. ಸೊಂಟ ಒಂದು ಇಂಚು ಹೆಚ್ಚು, ಮೀನಖಂಡ ಅರ್ಧ ಇಂಚಿಗಿಂತ ಹೆಚ್ಚು. ಅದರಲ್ಲಿ ಅಚ್ಚರಿಯೇನಿಲ್ಲ, ನಿಂತೇ ಇದ್ದರೆ ಕಾಲಿಗೆ ನೀರಿಳಿಯುತ್ತದೆ ಎಂದು ರೋಗಿಗಳಿಗೆ ದಿನಾ ಹೇಳುವವಳು ನಾನೇ. ಹೊತ್ತಿಗೆ ಸರಿಯಾಗಿ ಉಣ್ಣದೆ ಸಂಜೆ ನಾಲ್ಕಕ್ಕೆ ಗಬಗಬನೆ ತಿಂದರೆ ಹೊಟ್ಟೆ ಉಬ್ಬುತ್ತದೆ ಎಂಬುದೂ ಗೊತ್ತು. ಆದರೆ ನನ್ನದೇ ಕಾಲಿನ ಎರಡು ಅಳತೆಯನ್ನು ಒಂದರ ಕೆಳಗೊಂದು ಬರೆದಿಟ್ಟಿದ್ದನ್ನು ಅಲ್ಲಿಯ ತನಕ ನೋಡಿರಲಿಲ್ಲ.

ಆ ಪುಸ್ತಕದ ಬಗ್ಗೆ ಹೇಳಲೇಬೇಕು. ಹೆಸರು, ಉದ್ದ, ಎದೆ, ಸೊಂಟ, ತೋಳು, ಕೊನೆಯಲ್ಲಿ ಒಂದು ಅಂಕಿಗೆ ಸುತ್ತು. ಕೆಲವರಿಗೆ 8, ನನಗೆ 12, ಸರ್ಕಾರಿ ಆಸ್ಪತ್ರೆಯವರಿಗೆ 6/12. ಏಕೆಂದರೆ ಅವರದ್ದು ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿಪಾಳಿ ಮಾತ್ರ 8ರಿಂದ 8. ಅವರ ಪ್ಯಾಂಟಿಗೆ ಲಾಡಿಯನ್ನು ಉದ್ದ ಬಿಡುತ್ತಾರಂತೆ, ನೈಟ್ ಬಂದಾಗ ಸಡಿಲಿಸಿಕೊಳ್ಳಲಿ ಎಂದು. ನನ್ನದಕ್ಕೆ ಹಿಂದೆ ಎಲಾಸ್ಟಿಕ್, ಮುಂದೆ ಲಾಡಿ, ಪಾದದ ಬಳಿ ಎರಡು ಇಂಚಿನ ಸೀಳು. ನಮ್ಮ ಆಸ್ಪತ್ರೆಯ ಯಾವ ಮೀಟಿಂಗಿನಲ್ಲೂ ನರ್ಸ್‌ಗಳ ಕಾಲಿನ ಬಗ್ಗೆ ಇಷ್ಟು ಯೋಚಿಸಿದವರನ್ನು ನಾನು ಕಂಡಿಲ್ಲ.

ಮೀಟಿಂಗ್ ಎಂದೊಡನೆ ನೆನಪಾಯಿತು. ನಮ್ಮಲ್ಲಿ ಮೊದಲು ಎಂಟು ತಾಸಿನ ಮೂರು ಪಾಳಿ ಇತ್ತು: 7ರಿಂದ 3, 3ರಿಂದ 11, 11ರಿಂದ 7. ಹನ್ನೆರಡಕ್ಕೆ ಬದಲಿಸುವ ಮಾತು ಬಂದಾಗ ಮೊದಲು ಕೈ ಎತ್ತಿದವಳು ನಾನೇ, ಸುಳ್ಳು ಹೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಬಿಟ್ಟು ಸಿರುಗುಪ್ಪ ರಸ್ತೆಯ ಕಡೆಗೆ ಆಟೊ ಹುಡುಕಿ ಸಾಕಾಗಿತ್ತು. ಆರು ದಿನ ಎಂಟು ತಾಸು ಎಂದರೆ 48, ನಾಲ್ಕು ದಿನ ಹನ್ನೆರಡು ತಾಸು ಎಂದರೂ 48. ವಾರಕ್ಕೆ ಮೂರು ದಿನ ಮನೆಯಲ್ಲಿ ಎಂದರು. ಯಾರು ಬೇಡ ಎನ್ನುತ್ತಾರೆ? ನಾಲ್ಕು ದಿನದ ಲೆಕ್ಕ ಎರಡು ತಿಂಗಳು ನಡೆಯಿತು. ಇಬ್ಬರು ಕೆಲಸ ಬಿಟ್ಟರು, ಒಬ್ಬಳು ಹೆರಿಗೆ ರಜೆಗೆ ಹೋದಳು, ನಾಲ್ಕು ದಿನ ಐದಾಯಿತು. 60 ತಾಸು.

ಅದೂ ಕಾಗದದ ಮೇಲಿನ 60. ಬೆಳಿಗ್ಗೆ 7:45ಕ್ಕೆ ಹ್ಯಾಂಡೋವರ್ (ಪಾಳಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸಿಕೊಡುವುದು) ಶುರು, ರಾತ್ರಿ ಬೆಡ್ ಒಪ್ಪಿಸಿ ಸಹಿ ಹಾಕುವಾಗ 8:25. ಅಲ್ಲಿಂದ ಮರುದಿನದ 7:45ಕ್ಕೆ 11 ತಾಸು 20 ನಿಮಿಷ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲಿ ನರ್ಸ್‌ಗಳಿಗೆಂದೇ ಹೊರಡಿಸಿದ 157ನೇ ಶಿಫಾರಸು ಎರಡು ಪಾಳಿಗಳ ನಡುವೆ ಕನಿಷ್ಠ 12 ತಾಸು ಬಿಡುವಿರಬೇಕು ಎನ್ನುತ್ತದೆ. ದಿನದ ಕೆಲಸ ಸಾಮಾನ್ಯವಾಗಿ 8 ತಾಸು, ಓವರ್‌ಟೈಮ್ ಸೇರಿದರೂ 12 ದಾಟಬಾರದು ಎನ್ನುತ್ತದೆ. ನಮ್ಮದು ಹ್ಯಾಂಡೋವರಿನಲ್ಲೇ ದಾಟಿಹೋಗುತ್ತದೆ. ನಮ್ಮ ಯಜಮಾನರು ತೋರಣಗಲ್ಲಿನ ಕಡೆ ಕಾರ್ಖಾನೆಯಲ್ಲಿದ್ದಾರೆ, ಎ, ಬಿ, ಸಿ ಎಂದು ಎಂಟೆಂಟು ತಾಸಿನ ಪಾಳಿ. ಅವರು ಸಿ, ಅಂದರೆ ರಾತ್ರಿ ಪಾಳಿಯಲ್ಲಿದ್ದು ನಾನು ಹಗಲಿನಲ್ಲಿದ್ದರೆ ನಾವಿಬ್ಬರೂ ಫ್ರಿಜ್ಜಿನ ಮೇಲೆ ಚೀಟಿ ಬರೆದಿಟ್ಟೇ ಸಂಸಾರ ಮಾಡುತ್ತೇವೆ. ಮಗಳು ಎರಡನೇ ತರಗತಿ. ನಾನು ಹೊರಡುವಾಗ ಕಣ್ಣುಜ್ಜುತ್ತಿರುತ್ತಾಳೆ, ಬರುವಾಗ ಮಲಗಿರುತ್ತಾಳೆ. ಅವಳ ಶಾಲೆಯ ಡೈರಿಗೆ ನಮ್ಮ ಅತ್ತೆಯವರೇ ಸಹಿ ಹಾಕುವುದು. ಅವರು ರಾಯದುರ್ಗದ ಕಡೆಯವರು, ಸಹಿ ತೆಲುಗಿನಲ್ಲಿ. ಮನೆಯಲ್ಲಿ ಕನ್ನಡ ಬರೆಯುವವರು ಯಾರೂ ಇಲ್ಲವೇ ಎಂದು ಟೀಚರ್ ಒಮ್ಮೆ ಕೇಳಿ ಕಳಿಸಿದ್ದರು.

ಹೊಲಿಗೆಗೆ ಬರುತ್ತೇನೆ. ಜೇಬಿಗೆ ನೂರಕ್ಕೆ ನೂರು ಅಂಕ. ಜೀನ್ಸ್ ಜೇಬಿನ ತುದಿಗೆ ಹಾಕುವ ಬಾರ್‌ಟ್ಯಾಕ್ ಹೊಲಿಗೆಯನ್ನೇ ಇದಕ್ಕೂ ಹಾಕಿದ್ದಾರೆ. ಹದಿನಾಲ್ಕು ತಿಂಗಳಲ್ಲಿ ಒಂದು ನೂಲೂ ಎದ್ದಿಲ್ಲ. ಕತ್ತರಿಗೆ ಒಳಗೊಂದು ಬೇರೆ ಅರೆ ಮಾಡಿಕೊಟ್ಟಿದ್ದಾರೆ, ಕುಳಿತರೆ ತೊಡೆಗೆ ಚುಚ್ಚುವುದಿಲ್ಲ. ಕುಳಿತರೆ ಎಂದೆನಲ್ಲ, ಅದು ಬೇರೆ ಮಾತು.

ಆದರೆ ಇದೇ ಜೀನ್ಸ್ ಬುದ್ಧಿ ಕಂಕುಳಿನಲ್ಲಿ ಕೆಟ್ಟಿತು. ಅಲ್ಲಿಯೂ ಬಟ್ಟೆಯನ್ನು ಮಡಚಿ ಎರಡು ಸಾಲು ಗಟ್ಟಿ ಹೊಲಿಗೆ ಹಾಕಿಬಿಟ್ಟಿದ್ದರು. ಹಾಕಿಕೊಂಡು ನೋಡಿದಾಗ ಏನೂ ಅನಿಸಲಿಲ್ಲ. ಮೊದಲ ದಿನ ಸಂಜೆ ಐದರ ತನಕವೂ ಅನಿಸಲಿಲ್ಲ. ಆಮೇಲೆ ಡ್ರಿಪ್ ಬಾಟಲಿ ಬದಲಿಸಲು ಕೈ ಎತ್ತಿದಾಗಲೆಲ್ಲ ತೆಂಗಿನ ನಾರಿನ ಹಗ್ಗ ಎಳೆದಂತೆ. ಮೇ ತಿಂಗಳ ಬಳ್ಳಾರಿ, ಹೊರಗೆ 42 ಡಿಗ್ರಿ, ಒಳಗೆ ಎ.ಸಿ. ಇದ್ದರೂ ಬೆವರು. ಎಂಟು ತಾಸಿನ ಡ್ಯೂಟಿಯಾಗಿದ್ದರೆ ಈ ದೋಷ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಂಗಡಿಗೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ. ಮರಳಿ ಒಯ್ದಾಗ ಮಾಸ್ಟರ್ ವಾದ ಮಾಡಲಿಲ್ಲ. ಬಿಚ್ಚಿ, ಒಂದೇ ಸಾಲು ಹಾಕಿ, ಮೇಲೆ ಮೆತ್ತನೆಯ ಕಾಟನ್ ಪಟ್ಟಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಅವರು ಬಿಚ್ಚುತ್ತ ಕುಳಿತಾಗ ನಾನು ಸ್ಟೂಲಿನ ಮೇಲೆ ಚಪ್ಪಲಿ ಬಿಟ್ಟು ಕುಳಿತಿದ್ದೆ. ಯೂನಿಟ್ಟಿನ ಕಾಲದ ಮಾತು ಬಂತು. ಆರ್ಡರ್ ಹೆಚ್ಚಿದ್ದಾಗ ಬೆಳಿಗ್ಗೆ ಒಂಬತ್ತಕ್ಕೆ ಕುಳಿತರೆ ರಾತ್ರಿ ಹತ್ತು. “ಏಳು ಗಂಟೆಯ ತನಕ ಹೊಲಿದ ಮಾಲು ಒಂದು ನಮೂನೆ, ಆಮೇಲಿನದ್ದು ಒಂದು ನಮೂನೆ ಸಿಸ್ಟರ್. ಒಮ್ಮೆ ಮೂವತ್ತು ಪ್ಯಾಂಟಿಗೆ ಎಡಗಾಲಿಗೆ ಎಡಗಾಲನ್ನೇ ಜೋಡಿಸಿದ್ದೆ. ಕೈ ತನ್ನ ಪಾಡಿಗೆ ಹೋಗುತ್ತಿರುತ್ತದೆ, ತಪ್ಪಿದ್ದು ಕೈಗೂ ಗೊತ್ತಾಗುವುದಿಲ್ಲ. ಮರುದಿನ ಕುಳಿತು ಅಷ್ಟನ್ನೂ ಬಿಚ್ಚಿದೆವು.”

ನಾನು ಮಾತಾಡಲಿಲ್ಲ. ಅದಕ್ಕೆ ಮೂರು ವಾರ ಮೊದಲು, ನೈಟ್ ಮುಗಿಯುವ ಹೊತ್ತು, ಬೆಳಿಗ್ಗೆ 6:40ಕ್ಕೆ, ನಾನು ಇನ್ಸುಲಿನ್ ಎಳೆಯುತ್ತಿದ್ದೆ. ನಮ್ಮಲ್ಲಿ ಬರುವ ಬಾಟಲಿ ಮಿಲಿಗೆ 40 ಯೂನಿಟ್‌ನದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಔಷಧಿಗೆ. ನನ್ನ ಕೈಯಲ್ಲಿದ್ದುದು ಕಿತ್ತಳೆ. ಅದರಲ್ಲಿ ಹತ್ತರ ಗೆರೆಗೆ ಎಳೆದರೆ ಒಳಹೋಗುವುದು ನಾಲ್ಕೇ ಯೂನಿಟ್. ಇನ್ಸುಲಿನ್ ಕೊಡುವ ಮೊದಲು ಇಬ್ಬರು ನೋಡಬೇಕೆಂಬ ನಿಯಮವಿರುವುದರಿಂದ ಜೊತೆಯವಳು ನೋಡಿ, ಮಾತಿಲ್ಲದೆ ನನ್ನ ಕೈಯಿಂದ ತೆಗೆದುಕೊಂಡಳು. ಹನ್ನೊಂದು ವರ್ಷದಲ್ಲಿ ನಾನು ಸಾವಿರಾರು ಸಲ ಎಳೆದಿರುವ ಇನ್ಸುಲಿನ್ ಅದು. ಅಮೆರಿಕದಲ್ಲಿ 393 ನರ್ಸ್‌ಗಳಿಂದ ದಿನಚರಿ ಬರೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: ಪಾಳಿ ಹನ್ನೆರಡೂವರೆ ತಾಸು ಮುಟ್ಟಿದರೆ ತಪ್ಪಿನ ಸಾಧ್ಯತೆ ಮೂರು ಪಟ್ಟು. ತರಬೇತಿಯೊಂದರಲ್ಲಿ ಇದನ್ನು ಪರದೆಯ ಮೇಲೆ ತೋರಿಸಿದ್ದರು. ಆಗ ಹಿಂದಿನ ಸಾಲಿನಲ್ಲಿ ಕುಳಿತು ನಿದ್ದೆ ಮಾಡುತ್ತಿದ್ದವರಲ್ಲಿ ನಾನೂ ಒಬ್ಬಳು, ನೈಟ್ ಮುಗಿಸಿ ಬಂದಿದ್ದೆವು.

ಹನ್ನೆರಡು ತಾಸಿನಲ್ಲಿ ಒಳ್ಳೆಯದೇ ಇಲ್ಲ ಎಂದರೆ ತಪ್ಪಾದೀತು. ಬೆಳಿಗ್ಗೆ ವೆಂಟಿಲೇಟರ್ ಮೇಲಿದ್ದ ರೋಗಿಯನ್ನು ಸಂಜೆ ಅದರಿಂದ ಬಿಡಿಸುವ ತನಕ ನಾನೇ ನೋಡುತ್ತೇನೆ, ನಡುವೆ ಇನ್ನೊಬ್ಬರಿಗೆ ಒಪ್ಪಿಸಿ ಅರ್ಧ ಮಾತು ಮರೆಯುವುದಿಲ್ಲ. ದಿನಕ್ಕೆ ಮೂರು ಹ್ಯಾಂಡೋವರ್ ಇದ್ದದ್ದು ಎರಡಾಗಿದೆ. ನಿಜಕ್ಕೂ ನಾಲ್ಕೇ ದಿನ ಇದ್ದ ಆ ಎರಡು ತಿಂಗಳಲ್ಲಿ ನಾನು ಮಗಳಿಗೆ ಸೈಕಲ್ ಕಲಿಸಿದ್ದೆ. ಐದನೇ ದಿನ ಸೇರಿಕೊಂಡ ಮೇಲೆ ಎರಡು ರಜೆಯಲ್ಲಿ ಒಂದು ನಿದ್ದೆಗೆ, ಇನ್ನೊಂದು ಬಟ್ಟೆ ಒಗೆಯುವುದಕ್ಕೆ.

ಒಗೆಯುವ ಮಾತಿಗೆ: ಬಣ್ಣ ಹೋಗಿಲ್ಲ. ಅಯೋಡಿನ್ ಕಲೆ ಹೋಗಿಲ್ಲ, ಅದಕ್ಕೆ ಮಾಸ್ಟರ್ ಹೊಣೆಯಲ್ಲ. ಕಡು ಬಣ್ಣದ ಬಟ್ಟೆ ತನ್ನಿ ಎಂದು ಅವರು ಮೊದಲೇ ಹೇಳಿದ್ದರು, ಆಸ್ಪತ್ರೆಯವರಿಗೆ ಆಕಾಶನೀಲಿಯೇ ಬೇಕು.

ದೂರುಗಳೂ ಇವೆ. ಹೇಳಿದ ದಿನಕ್ಕೆ ಕೊಟ್ಟದ್ದೇ ಇಲ್ಲ, ಮೊದಲ ಜೊತೆ ಒಂಬತ್ತು ದಿನ ತಡ. ಫೋನ್ ಎತ್ತುವುದಿಲ್ಲ. ಹಾಕಿಕೊಂಡು ನೋಡಲು ಜಾಗವಿಲ್ಲ, ಗೋದಾಮಿನ ಮೂಟೆಗಳ ಹಿಂದೆ ಹೋಗಬೇಕು, ಅಲ್ಲಿ ಜಿರಲೆ. ರಸೀದಿ ಎಂಬುದು ಸಿಗರೇಟು ಪ್ಯಾಕಿನ ರಟ್ಟು. ಟಾಪು ಪ್ಯಾಂಟು ಸೇರಿ ಹೊಲಿಗೆಗೆ 550 ರೂಪಾಯಿ, ಕಂಟೋನ್ಮೆಂಟ್ ಕಡೆ ಇದಕ್ಕಿಂತ ಕಡಿಮೆಗೂ ಹೊಲಿಯುತ್ತಾರೆ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಭಾನುವಾರ ತೆರೆದಿರುತ್ತದೆ, ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಐದಕ್ಕೆ ನಾಲ್ಕು ಕೊಡುತ್ತೇನೆ. ನೀವು ಹೋಗುವುದಾದರೆ ಬೆಳಿಗ್ಗೆ ಹೋಗಬೇಡಿ, ಡ್ಯೂಟಿ ಬಿಟ್ಟು ಹೋಗಿ, ಶೂ ಬಿಚ್ಚಿ ಅಳತೆ ಕೊಡಿ.

ಕಳೆದ ವಾರ ಮೂರನೇ ಜೊತೆಗೆ ಬಟ್ಟೆ ಕೊಟ್ಟು ಬಂದೆ. ಪುಸ್ತಕದಲ್ಲಿ ನನ್ನ ಹೆಸರು ಹುಡುಕಿ, ಸುತ್ತು ಹಾಕಿದ ಅಂಕಿಯ ಮೇಲೆ ಬೆರಳಿಟ್ಟು, “ಇದು ಹೀಗೇ ಇದೆಯೋ, ಬದಲಾಗಿದೆಯೋ?” ಎಂದು ಕೇಳಿದರು. ಹೀಗೇ ಇದೆ ಎಂದೆ. ಸೋಮವಾರ ಕೊಡುತ್ತಾರಂತೆ. ಸೋಮವಾರದಿಂದ ನನಗೆ ನೈಟ್, ಅತ್ತೆಯವರನ್ನೇ ಕಳಿಸಬೇಕು.