ವಿಲ್ಸನ್ ಕಾಯಿಲೆಯವರಿಗೆ 24 ಗಂಟೆ ಯೂರಿನ್ ಕಾಪರ್ ಟೆಸ್ಟ್: ಜಯನಗರದ ಒಂದು ಲ್ಯಾಬ್ ಬಗ್ಗೆ

ನನ್ನ ತಮ್ಮನಿಗೆ ವಿಲ್ಸನ್ ಕಾಯಿಲೆ. ಮೊದಲು ಕೈಬರಹ ಕೆಟ್ಟಿತು, ಆಮೇಲೆ ಮಾತು ತೊದಲಿತು, ಕೈ ನಡುಗೋಕೆ ಶುರುವಾಯಿತು. ನಿಮ್ಹಾನ್ಸ್‌ನಲ್ಲಿ ಕಣ್ಣು ಪರೀಕ್ಷೆ ಮಾಡಿದಾಗ ಕರಿಗುಡ್ಡೆ ಸುತ್ತ ಕಂದು ಉಂಗುರ ಕಂಡಿತು, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ (ತಾಮ್ರ ಹೊತ್ತೊಯ್ಯುವ ಪ್ರೋಟೀನ್) ಕಡಿಮೆ ಇತ್ತು. ಎಟಿಪಿ7ಬಿ ಅನ್ನೋ ಜೀನ್ ಸರಿ ಇಲ್ಲದೆ, ಊಟದಲ್ಲಿ ಬರುವ ತಾಮ್ರವನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕಲಾರದು. ಅದು ಲಿವರ್‌ನಲ್ಲೂ ಮೆದುಳಲ್ಲೂ ಸೇರಿಕೊಳ್ಳುತ್ತದೆ. ಮಾತ್ರೆ ಜೀವನಪೂರ್ತಿ, ಹಾಗಾಗಿ ಒಂದು ದಿನದ ಮೂತ್ರದಲ್ಲಿ ಎಷ್ಟು ತಾಮ್ರ ಹೋಗುತ್ತಿದೆ ಅಂತ ನೋಡುವ ಈ ಟೆಸ್ಟೂ ಮತ್ತೆ ಮತ್ತೆ ಮಾಡಿಸಬೇಕು.

ಈ ಟೆಸ್ಟ್ ಕೆಡೋದು ಜಾಸ್ತಿ ಮನೆಯಲ್ಲೇ. ಹಿಂದೆ ಬೇರೆ ಒಂದು ಕಡೆ ಯಾವುದೋ ಡಬ್ಬಿ ಕೊಟ್ಟು "ತುಂಬಿಸಿ ತನ್ನಿ" ಅಂದಿದ್ದರು ಅಷ್ಟೆ. ಇಲ್ಲಿ ಹಾಗಲ್ಲ. ತಾಮ್ರದ ಅಂಶ ಇಲ್ಲದ ಕ್ಯಾನನ್ನು ಮನೆಗೇ ತಂದುಕೊಟ್ಟ ಹುಡುಗ ಅಮ್ಮನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ: "ಅಮ್ಮಾ, ಬೆಳಿಗ್ಗೆ ಎದ್ದ ತಕ್ಷಣದ್ದು ಬೇಡ, ಅದು ಹೋಗಲಿ, ಟೈಮ್ ಬರೆದಿಡಿ, ಅಲ್ಲಿಂದ ಮಾರನೇ ದಿನ ಅದೇ ಟೈಮಿನವರೆಗೆ ರಾತ್ರಿದೂ ಸೇರಿ ಎಲ್ಲಾ ಇದರಲ್ಲೇ ಬರಬೇಕು. ಒಂದು ಸಲ ತಪ್ಪಿದರೂ ಫೋನ್ ಮಾಡಿ, ಹೊಸ ಕ್ಯಾನ್ ತರ್ತೀನಿ." ಇದಕ್ಕೇ ಅಲ್ವಾ ನಾವು ದುಡ್ಡು ಕೊಡೋದು!

ಯಾವ ಮಾತ್ರೆ ಅಂತಲೂ ಕೇಳಿ ಫಾರಂನಲ್ಲಿ ಬರೆದುಕೊಂಡ. ಅದು ಬಹಳ ಮುಖ್ಯ. ಪೆನಿಸಿಲಮೈನ್ ತಗೊಳ್ಳುವವರಲ್ಲಿ ಔಷಧಿಯೇ ತಾಮ್ರವನ್ನು ಎಳೆದು ಮೂತ್ರಕ್ಕೆ ಬಿಡುವುದರಿಂದ ದಿನಕ್ಕೆ 200ರಿಂದ 500 ಮೈಕ್ರೋಗ್ರಾಂ ಬಂದರೆ ಸಾಮಾನ್ಯವಾಗಿ ಚಿಕಿತ್ಸೆ ಸರಿ ನಡೀತಿದೆ ಅಂತ ಅರ್ಥ. ಮಾತ್ರೆ ಶುರು ಮಾಡದವರಲ್ಲಿ 100 ದಾಟಿದರೇ ಕಾಯಿಲೆಯ ಅನುಮಾನ.

ಬೇಸರ ಆಗಿದ್ದು ರಿಪೋರ್ಟ್ ನೋಡಿ. ಫಾರಂನಲ್ಲಿ ಮಾತ್ರೆ ಹೆಸರಿದ್ದರೂ ಆರೋಗ್ಯವಂತರ ಅಳತೆಯನ್ನೇ ಪಕ್ಕದಲ್ಲಿ ಹಾಕಿ, ತಮ್ಮನ ನಂಬರನ್ನು ಕೆಂಪಲ್ಲಿ ಪ್ರಿಂಟ್ ಮಾಡಿದ್ದರು. ಅಪ್ಪ ಅದನ್ನು ನೋಡಿ ರಾತ್ರಿಯೆಲ್ಲಾ ನಿದ್ದೆ ಮಾಡಲಿಲ್ಲ, ಬೆಳಿಗ್ಗೆ ಡಾಕ್ಟರು ನೋಡಿ ಸರಿಯಾಗಿಯೇ ಇದೆ ಅಂದರು. ಒಂದು ಸಾಲು ಸೇರಿಸಿದ್ದರೆ ಸಾಕಿತ್ತು, ದಯವಿಟ್ಟು ಸೇರಿಸಿ.

ಒಡಹುಟ್ಟಿದವರಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಿಸಲೇಬೇಕು. ನನ್ನದನ್ನೂ ಇಲ್ಲೇ ಕೊಟ್ಟೆ. ಕೆಲಸಕ್ಕೆ ಹೋಗುವವರು ಭಾನುವಾರ ಶುರು ಮಾಡಿ, ಮನೆಯಲ್ಲೇ ಇರಬಹುದು. ಕ್ಯಾನ್ ಮಾತ್ರ ಶನಿವಾರವೇ ತರಿಸಿಕೊಳ್ಳಿ.