ಡೂಲಿನ್‌ನಲ್ಲಿ ಉಳಿಯೋದಾ, ಬ್ಯಾಲಿವಾನ್‌ನಲ್ಲಾ?

ಐರ್ಲೆಂಡಿನ ಕ್ಲೇರ್ ಕೌಂಟಿಯ ಈ ಎರಡೂ ಹಳ್ಳಿಗಳಿಗೆ ಗಾಲ್ವೇಯಿಂದ 350ನೇ ನಂಬರ್ ಬಸ್ ಬರುತ್ತದೆ. ಕಾರಿಲ್ಲದವರಿಗೆ ಡೂಲಿನ್ ವಾಸಿ. ಅದೇ ಬಸ್ಸು ಮುಂದೆ ಮೋಹರ್ ಕಡಲಬಂಡೆಗಳಿಗೂ ಹೋಗುತ್ತದೆ. ಅರಾನ್ ದ್ವೀಪಗಳ ದೋಣಿ ಹೊರಡುವ ಕಟ್ಟೆ ಊರಿಂದ ನಡೆದು ಹೋಗುವಷ್ಟು ದೂರ. ಆದರೆ ಬಿಸಿಲಿದ್ದರೂ ಅಟ್ಲಾಂಟಿಕ್ ಅಲೆ ಏರಿದರೆ ದೋಣಿ ರದ್ದು. ದ್ವೀಪಕ್ಕೆ ಹೋಗಲೇಬೇಕಿದ್ದರೆ ಕೈಯಲ್ಲಿ ಎರಡು ದಿನ ಇಟ್ಟುಕೊಳ್ಳಿ. ಚಳಿಗಾಲದಲ್ಲಂತೂ ಆ ದೋಣಿ ಇರುವುದೇ ಇಲ್ಲ.

ಡೂಲಿನ್ ಒಂದೇ ಕಡೆ ಗುಂಪಾಗಿರುವ ಊರಲ್ಲ. ಫಿಶರ್ ಸ್ಟ್ರೀಟ್, ರೋಡ್‌ಫರ್ಡ್ ಎಂದು ಚದುರಿದೆ; ರಾತ್ರಿ ಪಬ್‌ನಲ್ಲಿ ಸಂಗೀತ ಕೇಳಿ ಹಿಂತಿರುಗುವಾಗ ಫುಟ್‌ಪಾತ್ ಇಲ್ಲದ ಕಡೆ ಟಾರ್ಚ್ ಬೇಕೇ ಬೇಕು. ಪಬ್ ಅಡುಗೆಮನೆಗಳು ಬೇಗ ಮುಚ್ಚುತ್ತವೆ, ಊಟ ಮೊದಲು ಮುಗಿಸಿ.

ಬ್ಯಾಲಿವಾನ್ ಒತ್ತಾಗಿದೆ, ಸದ್ದು ಕಡಿಮೆ. ಅಡುಗೆ ಮಾಡಿಕೊಳ್ಳುವ ಸಸ್ಯಾಹಾರಿಗಳಿಗೆ ಊರೊಳಗೇ ದಿನಸಿ ಅಂಗಡಿ ಇದೆ. ಬೇಳೆ, ಸಾಂಬಾರ್ ಪುಡಿ ಮಾತ್ರ ಗಾಲ್ವೇಯಿಂದಲೇ ತನ್ನಿ. ಕಾರಿದ್ದರೆ ಐಲ್ವೀ ಗುಹೆ, ಪೋಲ್ನಬ್ರೋನ್ ಕಲ್ಗೋರಿ ಎರಡೂ ಹತ್ತಿರ. ಸುತ್ತಲಿನ ಬರೆನ್ ಎಂಬ ಕಲ್ಲುನೆಲದ ಸುಣ್ಣಕಲ್ಲಿನ ಬಿರುಕುಗಳಲ್ಲಿ ಕಾಲು ಸಿಕ್ಕಿ ಹೊರಳುತ್ತದೆ, ಮಳೆ ಬಂದರೆ ಕಲ್ಲು ಜಾರುತ್ತದೆ: ಕಣಕಾಲು ಮುಚ್ಚುವ ಬೂಟು ಹಾಕಿ.

ಎಲ್ಲೇ ಬುಕ್ ಮಾಡಿದರೂ ಮನೆಯ ಏರ್‌ಕೋಡ್ (ಐರ್ಲೆಂಡಿನ ಪಿನ್‌ಕೋಡ್) ಕೇಳಿ ಬರೆದಿಟ್ಟುಕೊಳ್ಳಿ. ಹಳ್ಳಿಮನೆಗಳಿಗೆ ನಂಬರ್ ಇರುವುದು ಅಪರೂಪ; ಏಳು ಅಕ್ಷರ-ಅಂಕಿಯ ಈ ಕೋಡ್ ಮಾತ್ರ ನೇರ ಆ ಬಾಗಿಲಿಗೇ ಕರೆದೊಯ್ಯುತ್ತದೆ.